ಬುಧವಾರದ ಗಿರಾಕಿ

ಮಾವನವರು ತೀರಿಕೊಂಡ ಸುದ್ದಿ ಅನುಶ್ರೀಗೆ ತಿಳಿದದ್ದು ಹಾಸನದ ಮಾರ್ಕೆಟ್ಟಿನಲ್ಲಿ, ಹುರುಳಿಕಾಯಿ ಆರಿಸುತ್ತಿದ್ದಾಗ. ಹೊಳೆನರಸೀಪುರದಿಂದ ಬಂದಿದ್ದ ಪರಿಚಯದ ಹೆಂಗಸೊಬ್ಬಳು, "ನಿಮ್ಮ ಮಾವನವರ ಕೆಲಸವೆಲ್ಲ ಚೆನ್ನಾಗಿ ಆಯ್ತಂತಲ್ಲ? ನಾಳೆ ವೈಕುಂಠ ಸಮಾರಾಧನೆಯಂತೆ," ಅಂದಳು. ಅನುಶ್ರೀ ಚೀಲವನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಓಡಿಬಂದಳು. ಗಂಡ ತಿರುನಾರಾಯಣ ಹೈಸ್ಕೂಲಿನ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದ. ಅವನಿಗೂ ಗೊತ್ತಿರಲಿಲ್ಲ. ಹೆತ್ತ ತಂದೆ ಸತ್ತಿದ್ದನ್ನು ಅವನ ಅಣ್ಣ ಹೇಳಿ ಕಳಿಸಿರಲಿಲ್ಲ.

ಇದು ತೊಂಬತ್ತೆಂಟರ ಮಾತು. ಹಳೇಕೋಟೆಯ ಪುಟ್ಟರಾಜು ಗೌಡರ ಮಗಳನ್ನು ಮದುವೆಯಾದನೆಂದು ತಿರುವನ್ನು ಮನೆಯಿಂದ ದೂರ ಇಟ್ಟು ಆಗಲೇ ಎರಡು ವರ್ಷವಾಗಿತ್ತು. ಆದರೂ ಮಾರನೆಯ ಬೆಳಗ್ಗೆ ಗಂಡಹೆಂಡಿರು ಮೊದಲ ಬಸ್ಸಿಗೇ ಹೊಳೆನರಸೀಪುರಕ್ಕೆ ಹೋದರು. ಕೋಟೆ ಬೀದಿಯ ಮನೆಯ ಮುಂದೆ ಚಪ್ಪರ ಹಾಕಿತ್ತು. ತಿರುವಿನ ಅಣ್ಣ ಸಂಪತ್ಕುಮಾರ ಬಾಗಿಲಿಗೆ ಅಡ್ಡ ನಿಂತರು. ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಸಂಸ್ಕೃತ ಹೇಳಿಕೊಡುವ ಮೇಷ್ಟ್ರು, ಅಗಲವಾದ ನಾಮ, ಊರಿನಲ್ಲಿ ದೊಡ್ಡ ಹೆಸರು.

"ನೀನು ಬೇಕಾದರೆ ಹಿತ್ತಲಿನಿಂದ ಬಂದು ಅಮ್ಮನ ಮುಖ ನೋಡಿ ಹೋಗು," ಅಂದರು ತಮ್ಮನಿಗೆ. "ಆದರೆ ಮಾಂಸ ತಿನ್ನೋ ಬಾಯಿ ಈ ಹೊಸ್ತಿಲು ದಾಟಬಾರದು."

ಬೀದಿಯ ತುಂಬ ಜನ. ಎಲ್ಲರೂ ಕೇಳಿಸಿಕೊಂಡರು. ಒಳಗೆ ಕಂಬದ ಪಕ್ಕ ಅತ್ತೆ ಲಕ್ಷ್ಮೀದೇವಮ್ಮ ತಲೆ ತಗ್ಗಿಸಿ ಕೂತಿದ್ದದ್ದು ಕಾಣುತ್ತಿತ್ತು. ತಿರು ಚಪ್ಪಲಿ ಮೆಟ್ಟಿಕೊಂಡು ಹಿಂತಿರುಗಿದ. ಹೊಳೆಯ ದಡಕ್ಕೆ ಹೋಗಿ ಒಬ್ಬನೇ ಮುಳುಗಿ ಎದ್ದು, ಒದ್ದೆ ಪಂಚೆಯಲ್ಲೇ ಬಸ್ಸು ಹತ್ತಿದ. ಆ ಪಂಚೆಯ ನೀರು ಬಸ್ಸಿನ ನೆಲದ ಮೇಲೆ ಹರಿಯುತ್ತಿದ್ದದ್ದನ್ನು ನೋಡುತ್ತ ಅನುಶ್ರೀ ಹಲ್ಲು ಕಚ್ಚಿಕೊಂಡಿದ್ದಳು. ಮದುವೆಯಾದಾಗಿನಿಂದ ಅವಳು ಮಾಂಸ ಮುಟ್ಟಿರಲಿಲ್ಲ. ತಿರು ಬಿಡು ಅಂದಿರಲಿಲ್ಲ, ಅವಳಾಗಿಯೇ ಬಿಟ್ಟಿದ್ದಳು. ತವರಿಗೆ ಹೋದರೂ ಅವ್ವ ಅವಳಿಗೆಂದೇ ಬೇರೆ ಪಾತ್ರೆಯಲ್ಲಿ ಸಾರು ಮಾಡುತ್ತಿದ್ದಳು. ಇದನ್ನು ಆ ಬೀದಿಯಲ್ಲಿ ಹೇಳಬೇಕಿತ್ತು, ಹೇಳಲಿಲ್ಲವಲ್ಲ ಎಂಬ ಕಿಚ್ಚು ಅವಳ ಹೊಟ್ಟೆಯಲ್ಲಿ ಉಳಿದುಬಿಟ್ಟಿತು.

ಆರು ವರ್ಷ ಕಳೆಯಿತು. ಪ್ರತಿ ಆಷಾಢದಲ್ಲೂ ಅಪ್ಪನ ತಿಥಿಯ ದಿನ ತಿರು ಹಾಸನದ ಬಾಡಿಗೆ ಮನೆಯಲ್ಲಿ ಊಟ ಬಿಟ್ಟು ಮೂಲೆಯಲ್ಲಿ ಕೂರುತ್ತಿದ್ದ. ಆ ದಿನ ಅನುಶ್ರೀ ಪಾತ್ರೆಗಳನ್ನು ಎಂದಿಗಿಂತ ಜೋರಾಗಿ ತಿಕ್ಕುತ್ತಿದ್ದಳು.

ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಅವಳ ಆಫೀಸಿನ ಲಕ್ಕಮ್ಮನಿಗೆ ಪ್ರಮೋಷನ್ ಸಿಕ್ಕಿತು. ಅರಕಲಗೂಡಿನ ಕಡೆಯವಳು, ಗಟ್ಟಿ ಹೆಂಗಸು. ಬೇಲೂರು ಹಳೇಬೀಡು ನೋಡಲು ಬರುವ ಫಾರಿನ್ನವರು ಇಳಿದುಕೊಳ್ಳುತ್ತಿದ್ದ ಹೋಟೆಲೊಂದು ಊರಾಚೆ ಇತ್ತು. ಮಳೆಗಾಲದಲ್ಲಿ ಅಲ್ಲಿ ನೊಣ ಹೊಡೆಯುವುದೇ ಕೆಲಸವಾದ್ದರಿಂದ, ಸ್ಟೀಕು, ಜಪಾನಿ ಊಟ, ಜೊತೆಗೊಂದು ಡ್ರಿಂಕ್ಸು, ಎಲ್ಲ ಸೇರಿ ನೂರೈವತ್ತೇ ರೂಪಾಯಿ ಎಂದು ರಸ್ತೆಗೆ ಅಡ್ಡಲಾಗಿ ಬ್ಯಾನರು ಕಟ್ಟಿದ್ದರು.

"ದಿನಾ ಅದೇ ಮುದ್ದೆ ಕಣೇ. ಒಂದ್ ದಪ ಜಪಾನ್‌ನೋರು ಏನ್ ತಿಂತಾರೆ ನೋಡೇಬುಡಾನ ಬಾ," ಎಂದು ಲಕ್ಕಮ್ಮ ನಾಲ್ಕು ಜನ ಹೆಂಗಸರನ್ನು ಆಟೋದಲ್ಲಿ ತುಂಬಿಸಿಕೊಂಡು ಹೊರಟಳು. ಅವತ್ತು ಬುಧವಾರ, ಮಧ್ಯಾಹ್ನ.

ಬಿಡದಿ ಕಡೆ ಜಪಾನಿ ಇಂಜಿನಿಯರುಗಳಿಗೆ ಅಡುಗೆ ಮಾಡಿ ಕಲಿತು ಬಂದ ಭಟ್ಟನಂತೆ ಅಲ್ಲಿದ್ದವನು. ಅನ್ನವನ್ನು ಒತ್ತಿ ಉಂಡೆ ಮಾಡಿ ಅದರ ಮೇಲೆ ಮೀನಿನ ತುಂಡು ಮಲಗಿಸಿದ್ದ. "ಸುಶಿ ಮೇಡಂ. ಮೀನು ಬೇಡ ಅಂದ್ರೆ ಸೌತೆಕಾಯಿ ಇಟ್ಟು ಕೊಡ್ತೀವಿ," ಅಂದ ವೇಟರು. ಅನುಶ್ರೀ ಸೌತೆಕಾಯಿಯದ್ದು ತೆಗೆದುಕೊಂಡಳು. ಲಕ್ಕಮ್ಮ ತಟ್ಟೆಯ ಮೂಲೆಯಲ್ಲಿದ್ದ ಹಸಿರು ಚಟ್ನಿಯನ್ನು ಒಂದೇ ಸಲ ಬಾಯಿಗೆ ಹಾಕಿಕೊಂಡು, "ಅಯ್ಯಯ್ಯಪ್ಪೋ, ಮೂಗ್ನಾಗೆಲ್ಲಾ ಬೆಂಕಿ ಬಿತ್ತು ಕಣ್ರೇ!" ಎಂದು ಮೇಜು ಗುದ್ದಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಗುತ್ತಲೇ ಮುಖ ತಿರುಗಿಸಿದ ಅನುಶ್ರೀಗೆ ಬಿದಿರಿನ ತಡಿಕೆಯ ಆಚೆ ಒಬ್ಬರು ಕಂಡರು. ಪ್ಯಾಂಟು, ಶರಟು. ಹಣೆಯಲ್ಲಿ ನಾಮ ಒರೆಸಿದ ಗುರುತು. ಮುಂದೆ ಹೊಗೆಯಾಡುವ ಕಬ್ಬಿಣದ ತಟ್ಟೆಯಲ್ಲಿ ಅಂಗೈಯಗಲದ ಮಟನ್ ಸ್ಟೀಕು, ಪಕ್ಕದಲ್ಲಿ ಬಿಯರಿನ ಗ್ಲಾಸು. ಎಡಗೈಯಲ್ಲಿ ಫೋರ್ಕು ಒತ್ತಿ ಹಿಡಿದು, ಬಲಗೈಯ ಚಾಕುವಿನಿಂದ ತೆಳ್ಳಗೆ ಕೊಯ್ದು ಬಾಯಿಗಿಡುತ್ತಿದ್ದರು. ಇದು ಮೊದಲನೆಯ ಸಲದ ಕೈಯಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ಅವಳು ತಟ್ಟನೆ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಬಿಲ್ಲು ತಂದ ವೇಟರನ್ನು ಮೆಲ್ಲಗೆ ಕೇಳಿದಳು: "ಆ ಸಾರ್ ಇಲ್ಲಿಗೆ ಬತ್ತಾ ಇರ್ತಾರಾ?"

"ಮೇಷ್ಟ್ರಾ? ಪ್ರತಿ ಬುಧವಾರ ಮೇಡಂ. ಅರಕಲಗೂಡಿನ ಹೊಗೆಸೊಪ್ಪಿನ ಸಾಹುಕಾರ್ರು ನಂಜಪ್ಪೋರು ಕರ್ಕೊಂಡು ಬರ್ತಾರೆ."

ಅವಳು ಯಾರಿಗೂ ಹೇಳಲಿಲ್ಲ. ತಿರುವಿಗೂ ಹೇಳಲಿಲ್ಲ. ಅವನ ಸ್ವಭಾವ ಅವಳಿಗೆ ಗೊತ್ತು. "ಪಾಪ, ತಿನ್ನಲಿ ಬಿಡು, ಅವನ ನಾಲಿಗೆ ಅವನಿಷ್ಟ," ಅಂದುಬಿಡುತ್ತಾನೆ. ಈ ಸಿಟ್ಟು ಅವಳದ್ದು. ಅದಕ್ಕೆ ಪಾಲುದಾರರು ಬೇಡವಾಗಿತ್ತು. ಇಡೀ ವಾರ ಅಡುಗೆ ಮಾಡುವಾಗ, ಫೈಲು ಕಟ್ಟುವಾಗ, ಮಗಳು ಇಂಚರಳ ಜಡೆ ಹೆಣೆಯುವಾಗ, ಆಡಬೇಕಾದ ಮಾತನ್ನು ಮಸೆಯುತ್ತಲೇ ಇದ್ದಳು.

ಮುಂದಿನ ಬುಧವಾರ ಅರ್ಧ ದಿನ ರಜೆ ಹಾಕಿ ಒಬ್ಬಳೇ ಹೋದಳು. ಮದುವೆಯ ಸೀರೆ ಉಟ್ಟಿದ್ದಳು. ನೇರ ತಡಿಕೆಯ ಆಚೆ ನಡೆದು ಮೇಜಿನ ಮುಂದೆ ನಿಂತಳು.

"ನಮಸ್ಕಾರ ಭಾವ."

ಸಂಪತ್ಕುಮಾರರ ಚಾಕು ಮಾಂಸದೊಳಗೇ ನಿಂತುಬಿಟ್ಟಿತು. ಎದುರಿಗಿದ್ದ ನಂಜಪ್ಪ, "ಯಾರು ಮೇಷ್ಟ್ರೇ ಇವರು?" ಅಂದ.

"ನಾನು ಇವರ ಸ್ವಂತ ತಮ್ಮನ ಹೆಂಡ್ತಿ. ಹೇಳಿಲ್ವಾ ಇವರು? ಎಂಗೆ ಹೇಳ್ತಾರೆ, ಬಾಯಿಗೆ ಬಿಡುವಿರ್‌ಬೇಕಲ್ಲ."

ನಂಜಪ್ಪ ಇಬ್ಬರ ಮುಖವನ್ನೂ ನೋಡಿ, ಬೀಡಿ ಸೇದಿಕೊಂಡು ಬರುತ್ತೇನೆಂದು ಎದ್ದು ಹೋದ. ಅನುಶ್ರೀ ಅವನ ಕುರ್ಚಿಯಲ್ಲಿ ಕೂತಳು.

"ಇದು... ಡಾಕ್ಟರು ಹೇಳಿದಾರೆ. ರಕ್ತ ಕಮ್ಮಿ ಅಂತ. ಶಕ್ತಿಗೆ," ಅಂದರು ಸಂಪತ್ಕುಮಾರ. ದನಿ ಎಲ್ಲೋ ಆಳದಲ್ಲಿತ್ತು.

"ಬಿಯರೂ ಶಕ್ತಿಗಾ ಭಾವ?"

ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಹೋದರು. ಅನುಶ್ರೀ ಅದನ್ನು ಮರಳಿ ಅವರ ಮುಂದಕ್ಕೆ ತಳ್ಳಿದಳು.

"ಉಣ್ಣೋದನ್ನ ಅರ್ಧಕ್ಕೆ ಬಿಡಬಾರ್ದು. ತಿನ್ನಿ. ನಾನು ಕೂತಿರ್ತೀನಿ."

"ಅನುಶ್ರೀ, ಜನ ನೋಡ್ತಿದಾರೆ."

"ಅವತ್ತೂ ಜನ ನೋಡ್ತಿದ್ರು. ತಿನ್ನಿ ಅಂದ್ನಲ್ಲ."

ಅವರು ತಿಂದರು. ಒಂದೊಂದು ತುಂಡನ್ನೂ ಕಟ್ಟಿಗೆ ಅಗಿದಂತೆ ಅಗಿದರು. ಅವಳು ಒಂದು ತುತ್ತನ್ನೂ ಬಿಡದೆ ನೋಡಿದಳು. ಸ್ಟೀಕು ಮುಗಿದ ಮೇಲೆ ಪಕ್ಕದಲ್ಲಿದ್ದ ಸುಶಿಯ ತಟ್ಟೆಯನ್ನು ಅವರ ಮುಂದಕ್ಕೆ ಸರಿಸಿದಳು. "ಇದೂ ದುಡ್ಡು ಕೊಟ್ಟಿದ್ದೇ ಅಲ್ವಾ?" ಅವರು ಮೀನು ನುಂಗಿದರು. ಹಸಿರು ಚಟ್ನಿಯ ಉಂಡೆಯನ್ನು ಅವಳು ಬೆರಳಿನಿಂದ ತೋರಿಸಿದಳು. ಅದನ್ನೂ ಬಾಯಿಗಿಟ್ಟುಕೊಂಡರು. ಅವರ ಮುಖ ಕೆಂಪಗಾಗಿ ಕಣ್ಣಿನಿಂದ ನೀರು ಸುರಿಯಿತು. ಆ ನೀರು ಖಾರದ್ದೋ ಅವಮಾನದ್ದೋ ಅವಳಿಗೆ ತಿಳಿಯಲಿಲ್ಲ. ಯಾವುದಾದರೂ ಸರಿಯೇ, ಅವಳಿಗೆ ಹಿತವಾಗಿತ್ತು. ಆರು ವರ್ಷದಿಂದ ಹಸಿದಿದ್ದವಳಿಗೆ ಉಂಡಂತಾಯಿತು.

"ಏನು ಬೇಕು ನಿನಗೆ?" ಅಂದರು ಅವರು ಕೊನೆಗೆ.

"ಬರೋ ವಾರ ಮಾವನವರ ತಿಥಿ. ಇವರನ್ನ ನೀವೇ ಫೋನ್ ಮಾಡಿ ಕರೀಬೇಕು. ನಾನೂ ನನ್ನ ಮಗಳೂ ಬತ್ತೀವಿ, ಮುಂದಿನ ಬಾಗಿಲಿಂದ. ನಾನು ಹೇಳ್ದೆ ಅಂತ ಇವರಿಗೆ ಗೊತ್ತಾಗ್ಬಾರ್ದು."

"ಕರೆದರೆ ಊರು ಏನನ್ನತ್ತೆ?"

"ಅದ ನೀವ್ ನೋಡ್ಕಳಿ. ಕರೀದಿದ್ರೆ ಊರು ಏನನ್ನತ್ತೆ ಅನ್ನೋದ ನಾನ್ ನೋಡ್ಕತೀನಿ."

ಅದೇ ಸಂಜೆ ಮನೆಯ ಫೋನು ಬಡಿದುಕೊಂಡಿತು. ತಿರು ಎತ್ತಿಕೊಂಡು "ಅಣ್ಣಾ?" ಅಂದವನು ಆಮೇಲೆ ಬರೀ ಹೂಂಗುಟ್ಟಿದ. ರಿಸೀವರು ಇಟ್ಟು ಗೋಡೆಗೊರಗಿ ಚಿಕ್ಕ ಹುಡುಗನ ಹಾಗೆ ಅತ್ತ. "ಅಣ್ಣ ತಾನಾಗಿ ಕರೆದ ಅನು. ಅವನೇ ಕರೆದ. ಅಪ್ಪ ಕನಸಿನಲ್ಲಿ ಬಂದಿದ್ದರಂತೆ." ಅನುಶ್ರೀ ಅವನ ತಲೆ ಸವರಿದಳು. ಕನಸಿನಲ್ಲಿ ಬಂದದ್ದು ಯಾರೆಂದು ಅವಳಿಗೆ ಗೊತ್ತಿತ್ತು.

ತಿಥಿಯ ದಿನ ಅವಳು ಹೊಸ್ತಿಲು ದಾಟುವಾಗ ಬೇಕೆಂದೇ ನಿಧಾನ ಮಾಡಿದಳು. ಸಂಪತ್ಕುಮಾರ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವರ ಹೆಂಡತಿ ಹಂಸ ಬಂದು ಇಂಚರಳನ್ನು ಎತ್ತಿಕೊಂಡಳು. ಲಕ್ಷ್ಮೀದೇವಮ್ಮ ಕಿರಿಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಅಣ್ಣತಮ್ಮಂದಿರು ಪಕ್ಕಪಕ್ಕದಲ್ಲಿ ಕೂತು ಪಿಂಡ ಇಟ್ಟರು. ಇಷ್ಟೂ ಅವಳು ಅಂದುಕೊಂಡಂತೆಯೇ ಆಯಿತು.

ಅಂದುಕೊಳ್ಳದೇ ಇದ್ದದ್ದು ಆದದ್ದು ಊಟದ ಹೊತ್ತಿಗೆ. ವಡೆ, ಅತಿರಸ, ಎಳ್ಳುಂಡೆ ಬಡಿಸಿಯಾಗಿತ್ತು. ಬೀದಿಯ ಹಿರಿಯರಾದ ಈಶ್ವರಯ್ಯನವರು ಜಗಲಿಯಲ್ಲಿ ಕೂತು, "ಸಂಪತ್ತು, ನೀನು ದೊಡ್ಡ ಮನುಷ್ಯ ಕಣಯ್ಯ. ಈ ಕಾಲದಲ್ಲಿ ಯಾರು ಹೀಗೆ ಮನಸ್ಸು ದೊಡ್ಡದು ಮಾಡ್ತಾರೆ?" ಅಂದರು. ಉಳಿದವರೂ ತಲೆದೂಗಿದರು. ಸಂಪತ್ಕುಮಾರ ಮೊದಲು ತಡವರಿಸಿದರು. ಆಮೇಲೆ ಅವರ ಬೆನ್ನು ಮೆಲ್ಲಗೆ ನೆಟ್ಟಗಾಯಿತು. "ಏನು ಮಾಡೋದು ಈಶ್ವರಯ್ಯನೋರೆ? ಆಚಾರಕ್ಕಿಂತ ರಕ್ತಸಂಬಂಧ ದೊಡ್ಡದು ಅನ್ನಿಸ್ತು," ಎಂದು ಕೈಮುಗಿದರು. ತಿರು ಅಣ್ಣನನ್ನು ನೋಡುತ್ತಿದ್ದ ರೀತಿ ನೋಡಿ ಅನುಶ್ರೀ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದಳು. ತಾನು ಕತ್ತು ಹಿಡಿದು ಬಗ್ಗಿಸಿದ ಮನುಷ್ಯನಿಗೆ ಊರೆಲ್ಲ ಹಾರ ಹಾಕುತ್ತಿದೆ! ಎದ್ದು ನಿಂತು ಕೂಗಿಬಿಡಬೇಕು ಅನ್ನಿಸಿತು. ಕೂಗಿದರೆ ಮೊದಲು ಒಡೆಯುವುದು ಗಂಡನ ಎದೆ. ಅವಳು ನೀರು ಕುಡಿದು ಮತ್ತೆ ತುತ್ತು ಕಲಸಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ತಿರು, "ನಾವೇ ಅವನನ್ನು ತಪ್ಪು ತಿಳಿದಿದ್ದೆವು ಅನ್ಸುತ್ತೆ," ಅಂದ.

"ಹೂಂ," ಅಂದಳು ಅವಳು, ಕಿಟಕಿಯಾಚೆ ನೋಡುತ್ತ.

ಮುಂದಿನ ಬುಧವಾರ ಅವಳು ಮತ್ತೆ ಆ ಹೋಟೆಲಿಗೆ ಹೋದಳು. ತಡಿಕೆಯ ಪಕ್ಕದ ಮೇಜಿನಲ್ಲಿ ಕೂತು, ಅಲ್ಲಿದ್ದುದರಲ್ಲೆಲ್ಲ ಅಗ್ಗವಾದ ನಿಂಬೆ ಸೋಡಾ ತರಿಸಿಕೊಂಡಳು. ನಂಜಪ್ಪನ ಜೊತೆ ಬಂದ ಸಂಪತ್ಕುಮಾರ ಅವಳನ್ನು ಕಂಡು ಬಾಗಿಲಲ್ಲೇ ಕಲ್ಲಾದರು. ಅವಳು ಮುಗುಳ್ನಕ್ಕಳು. ಅವರು ಅವತ್ತು ಮೊಸರನ್ನ ಕೇಳಿದರು. ಅದರ ಮುಂದಿನ ವಾರವೂ ಅವಳಿದ್ದಳು. ಆಮೇಲಿನ ವಾರ ನಂಜಪ್ಪ ಒಬ್ಬನೇ ಬಂದ. ಮೇಷ್ಟ್ರು ತನ್ನನ್ನು ಇನ್ನು ಮೇಲೆ ಚನ್ನರಾಯಪಟ್ಟಣದಾಚೆಯ ಡಾಬಾಕ್ಕೆ ಬಾ ಅಂದಿದ್ದಾರೆಂದು ವೇಟರಿಗೆ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು. ಅವಳು ಆ ಡಾಬಾಕ್ಕೂ ಒಂದು ಸಲ ಹೋದಳು, ಲಕ್ಕಮ್ಮನನ್ನು ಕರೆದುಕೊಂಡು.

"ಯಾಕೇ ಇಷ್ಟ್ ದೂರ ಎಳ್ಕಂಡ್ ಬಂದೆ? ಇಲ್ಲಿ ಅಂತಾದ್ದೇನ್ ಸಿಕ್ತದೆ?" ಅಂದಳು ಲಕ್ಕಮ್ಮ.

"ಇಲ್ಲಿ ಒಂದು ಮುಖ ನೋಡದಿತ್ತು," ಅಂದಳು ಅನುಶ್ರೀ. ನೋಡಿಯೂ ಆಯಿತು. ಆ ಮುಖ ಅವಳನ್ನು ಕಂಡು ಹಿತ್ತಲಿನ ಬಾಗಿಲಿನಿಂದ ಹೊರಟುಹೋಯಿತು.

ಮರುವರ್ಷದ ತಿಥಿಗೆ ಹೋದಾಗ ಹಂಸ ನೀರಿನ ಚೊಂಬು ಕೊಡುತ್ತ ಗುಟ್ಟಿನಲ್ಲಿ ಹೇಳಿದಳು. "ಈಚೆಗೆ ಇವರಿಗೆ ಊಟವೇ ಸೇರಲ್ಲ ಅನುಶ್ರೀ. ಬುಧವಾರ ಬಂತೆಂದರೆ ಸಿಡಿಸಿಡಿ ಅಂತಾರೆ. ಯಾರಾದರೂ ಬಾಗಿಲು ತಟ್ಟಿದರೆ ಬೆಚ್ಚಿಬೀಳ್ತಾರೆ." ಅನುಶ್ರೀ "ಅಯ್ಯೋ ಪಾಪ" ಅಂದಳು. ಒಳಗೆ ಮಾತ್ರ ಯಾರೋ ತಣ್ಣಗೆ ನೀರು ಹೊಯ್ದಂತಾಯಿತು.

ಮಧ್ಯಾಹ್ನ ಹಿತ್ತಲಿನ ಬಾವಿಯ ಹತ್ತಿರ ಸಂಪತ್ಕುಮಾರ ಅವಳಿಗಾಗಿಯೇ ಕಾದು ನಿಂತಿದ್ದರು. ನಿಜಕ್ಕೂ ಇಳಿದುಹೋಗಿದ್ದರು, ಕತ್ತಿನ ಎಲುಬು ಕಾಣುತ್ತಿತ್ತು.

"ನಾನು ಎಲ್ಲ ಬಿಟ್ಟಿದ್ದೀನಮ್ಮ," ಅಂದರು. ಆಕೆಯನ್ನು ಅಮ್ಮ ಅಂದದ್ದು ಅದೇ ಮೊದಲು. "ಎಲ್ಲೂ ಹೋಗ್ತಿಲ್ಲ. ನೀನು ಹೇಳಿದ ಹಾಗೆ ನಡ್ಕೊಂಡಿದ್ದೀನಿ. ಇನ್ನೆಷ್ಟು ದಿನ ಹೀಗೆ?"

"ಇವರು ಒದ್ದೆ ಪಂಚೆಯಲ್ಲಿ ಬಸ್ಸು ಹತ್ತಿದ್ದನ್ನ ನಾನು ಮರೆಯೋ ತನಕ."

"ಯಾವಾಗ ಮರೀತೀಯ?"

"ನನಗೆ ಜ್ಞಾಪಕಶಕ್ತಿ ಚೆನ್ನಾಗಿದೆ ಭಾವ. ನಮ್ಮಪ್ಪನ ಕಡೆಯಿಂದ ಬಂದದ್ದು."

ಅವರು ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಒಂದು ಗಳಿಗೆ ಅವಳಿಗೆ ಪಾಪ ಅನ್ನಿಸಿತು. ಆಮೇಲೆ ಅದೂ ಹೋಯಿತು.

ನಡುಮನೆಯಿಂದ ತಿರುವಿನ ದನಿ ಕೇಳಿಸಿತು. ತುಂಬ ಖುಷಿಯಲ್ಲಿದ್ದ. "ಅಣ್ಣಾ, ಎಲೆ ಹಾಕಿದೆ, ಬಾರೋ. ಅನು, ನೀನೂ ಬಾ."

"ಏಳಿ ಭಾವ, ಕರೀತಿದಾರೆ," ಎಂದು ಅವಳು ಸೆರಗು ಕೊಡವಿಕೊಂಡು ಮುಂದೆ ನಡೆದಳು. ಅವರು ಎದ್ದು ಅವಳ ಹಿಂದೆ ಬಂದರು.