ಇವತ್ತಿನದು ಮಾತ್ರ

ತೊಳೆದ ಹೊದಿಕೆಯ ಒಂದು ತುದಿಯನ್ನು ಮಗಳು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದಳು. ಇನ್ನೊಂದು ತುದಿ ತಾಯಿಯ ಕೈಯಲ್ಲಿತ್ತು. ಇಬ್ಬರೂ ಸೇರಿ ಹಿಂಡುತ್ತಿದ್ದರೆ ನೀರು ಬಚ್ಚಲ ನೆಲಕ್ಕೆ ಧಾರೆಯಾಗಿ ಇಳಿಯುತ್ತಿತ್ತು.

"ಅಮ್ಮಾ, ನೀರು ಮಧ್ಯದಿಂದಲೇ ಯಾಕೆ ಬರುತ್ತೆ? ತುದಿಯಿಂದ ಯಾಕೆ ಬರಲ್ಲ?"

"ತುದಿಯಲ್ಲಿ ನೀನಿದ್ದೀಯಲ್ಲ, ನಿನ್ನ ಪ್ರಶ್ನೆಗೆ ಹೆದರಿಕೊಂಡಿರಬೇಕು. ಹಿಂಡು, ಬಿಡಬೇಡ."

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು. ಮಗಳು ಬಿಟ್ಟೇಬಿಟ್ಟಳು. ಹೊದಿಕೆ ದೊಪ್ಪನೆ ನೆಲಕ್ಕೆ ಬಿತ್ತು. ತಾಯಿ ಅದನ್ನು ಒಮ್ಮೆ ನೋಡಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮಗಳ ಹಿಂದೆಯೇ ಹೋದಳು.

ಬಾಗಿಲಲ್ಲಿ ಗ್ರೀಸ್ ಮಾಮ ನಿಂತಿದ್ದ. ಆ ಹೆಸರು ಮಗಳು ಇಟ್ಟದ್ದು. ಅವಳ ಅಪ್ಪ ಲಿಫ್ಟ್ ಮೆಕ್ಯಾನಿಕ್. ಐವತ್ತರ ಹತ್ತಿರದ ಈ ಮಾಮ ಹನ್ನೆರಡು ವರ್ಷಗಳಿಂದ ಅವನ ಜೊತೆಗಾರ. ಮಾಮ ಯಂತ್ರ ಒರೆಸಿ ಎಣ್ಣೆ ಹಾಕುತ್ತಾನೆ, ಅಪ್ಪ ಪರೀಕ್ಷೆ ಮಾಡಿ ಕಾರ್ಡಿಗೆ ಸಹಿ ಹಾಕುತ್ತಾನೆ.

"ಅಣ್ಣ ಇದ್ದಾರಾ ಅತ್ತಿಗೆ?"

"ಗಡ್ಡ ಹೆರೀತಿದ್ದಾರೆ. ಒಳಗೆ ಬನ್ನಿ, ಇದೇನು ಹೊಸಬರ ಥರ?"

ಮಾಮ ಒಳಗೆ ಬರಲಿಲ್ಲ. ಒಂದು ಕೆನ್ನೆಯಲ್ಲಿ ನೊರೆ ಉಳಿಸಿಕೊಂಡೇ ಅಪ್ಪ ಹೊರಗೆ ಬಂದ.

"ಕಣ್ಣಾಸ್ಪತ್ರೆ ಲಿಫ್ಟ್ ಅಣ್ಣ. ನಿನ್ನೆ ಸಂಜೆ ಮೂರನೇ ಮಹಡೀಲಿ ಒಂದು ಗೇಣು ಕೆಳಗೇ ನಿಂತುಬಿಟ್ಟಿದೆ. ಬಾಗಿಲು ತೆರೀತಲ್ಲ, ಕಣ್ಣಿಗೆ ಪಟ್ಟಿ ಕಟ್ಟಿದ್ದ ಒಬ್ಬರು ಅಜ್ಜಿ ಕಾಲಿಟ್ಟಿದ್ದಾರೆ. ಎಡವಿ ಬಿದ್ದು ಮಣಿಕಟ್ಟು ಮುರಿದಿದೆ. ಬ್ರೇಕು ಜಾರ್ತಿದೆಯಂತೆ."

"ಗುರುವಾರ ತಾನೇ ನೋಡಿದ್ದು," ಎಂದ ಅಪ್ಪ. ಮಾತು ಅವನಿಗಿಂತ ಮುಂದೆ ಓಡಿಬಂದ ಹಾಗಿತ್ತು.

ಮಾಮ ಅವನ ಮುಖ ನೋಡಿ, ಆಮೇಲೆ ಚಪ್ಪಲಿ ನೋಡಿಕೊಂಡ. "ಹೌದು, ಕಾರ್ಡಲ್ಲಿ ನಿಮ್ಮ ಸಹಿ ಇದೆ. ಅದಕ್ಕೇ ಸೂಪರ್‌ವೈಸರ್ ನನ್ನನ್ನ ಹಿಡ್ಕೊಂಡಿದ್ದಾರೆ. ಗುರುವಾರ ಚೆನ್ನಾಗಿದ್ದ ಬ್ರೇಕು ನಾಲ್ಕು ದಿನದಲ್ಲಿ ಜಾರುತ್ತಾ, ನೀನೇ ಅದರ ಮೇಲೆ ಎಣ್ಣೆ ಚೆಲ್ಲಿರ್ತೀಯ ಅಂತ. ನಾಳೆ ವಿಚಾರಣೆಯಂತೆ. ಅಲ್ಲೀವರೆಗೂ ಕೆಲಸಕ್ಕೆ ಬರಬೇಡ ಅಂದ್ರು. ತಗೊಳ್ಳಿ, ಮೆಷಿನ್ ರೂಮಿನ ಕೀಲಿ."

"ನೀನೇನು ಹೇಳ್ದೆ?"

"ನಾನೇನು ಹೇಳಲಿ ಅಣ್ಣ? ಎಣ್ಣೆ ಡಬ್ಬ ನನ್ನ ಕೈಯಲ್ಲೇ ಇತ್ತಲ್ಲ."

ಹೊರಡುವಾಗ ಮಗಳ ಕಡೆ ತಿರುಗಿದ. "ಏನಮ್ಮ ಯಾಕಮ್ಮ, ಗುರುವಾರ ಶಾಲೇಲಿ ಹಾಡಿಗೆ ಬಹುಮಾನ ಬಂತಂತೆ?"

"ಎರಡನೇದು ಮಾಮ."

"ಮೊದಲನೇದು ಯಾಕೆ ಬರ್ಲಿಲ್ಲ? ನೋಡು, ನನಗೂ ಯಾಕೆ ಅನ್ನೋದು ಬರುತ್ತೆ," ಎಂದು ನಕ್ಕು ಮೆಟ್ಟಿಲಿಳಿದ. ನೊರೆ ಅಪ್ಪನ ಕೆನ್ನೆಯಲ್ಲೇ ಒಣಗಿತ್ತು.

ಸಂಜೆ ಶಾಲೆಯಿಂದ ಬಂದವಳು ತಾಯಿಯ ಹೊಲಿಗೆ ಯಂತ್ರದ ಪಕ್ಕ ಕುಳಿತಳು. ಪಕ್ಕದ ಬೀದಿಯವರ ಪರದೆಗಳಿಗೆ ಅಂಚು ಹೊಲಿಯುವ ಕೆಲಸ ಬಾಕಿಯಿತ್ತು.

"ಅಮ್ಮಾ, ಲಿಫ್ಟಿಗೂ ಬ್ರೇಕ್ ಇರುತ್ತಾ?"

"ಇಲ್ದೆ ಇರುತ್ತಾ?"

"ಎಲ್ಲಿರುತ್ತೆ?"

"ಎಲ್ಲಕ್ಕಿಂತ ಮೇಲಿನ ಕೋಣೇಲಿ, ಮೋಟಾರಿನ ಹತ್ರ."

"ಅದನ್ನ ನೋಡೋಕೆ ಎಷ್ಟು ಹೊತ್ತು ಬೇಕು?"

"ಎಲ್ಲ ಬಿಚ್ಚಿ ನೋಡೋಕೆ ಒಂದು ಗಂಟೆ ಬೇಕು ಅಂತಾರೆ ಅಪ್ಪ. ಹೊರರೋಗಿಗಳೆಲ್ಲ ಹೋದ ಮೇಲೆ, ಮೂರಕ್ಕೆ ಶುರು ಮಾಡ್ತಾರೆ."

ಮಗಳು ಬೆರಳು ಮಡಚಿದಳು, ಬಿಡಿಸಿದಳು. ತಾಯಿಯ ಕಾಲು ಯಂತ್ರದ ಪೆಡಲಿನ ಮೇಲೆ ನಿಂತುಹೋಯಿತು. ಗಂಡನ ಗುರುವಾರದ ಅಂಗಿಯನ್ನು ಒಗೆದವಳು ಅವಳೇ. ಆಸ್ಪತ್ರೆಯ ದಿನ ತೋಳಿಗೆ ಹತ್ತುವ ಕರೀ ಕಲೆ ಉಜ್ಜಿ ಉಜ್ಜಿ ಬೆರಳು ಸುಲಿಯುತ್ತಿತ್ತು. ಈ ಸಲ ತೋಳು ಶುಭ್ರವಾಗಿತ್ತು. ಅಬ್ಬ, ಇವತ್ತು ಕೆಲಸ ಉಳಿಯಿತು ಎಂದು ಹಿಗ್ಗಿದ್ದಳು. ಹಾಡು ಕೇಳಲು ಓಡುವ ಅವಸರದಲ್ಲಿ ಅವನು ಮೇಲಿನ ಕೋಣೆಗೆ ಹತ್ತದೆ ಕೆಳಗೇ ಸಹಿ ಹಾಕಿ ಹೋಗಿರಬಹುದು ಎಂದು ಆಗ ಹೊಳೆದಿರಲಿಲ್ಲ.

"ಯಾಕೆ ಕೇಳ್ತಿದ್ದೀಯ ಪುಟ್ಟಿ?"

"ಸುಮ್ನೆ," ಎಂದಳು ಮಗಳು.

ಈ ಮನೆಯಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದೇ ಅಪರೂಪ. ಮಕ್ಕಳು ಸುಮ್ಮನಾದರೆ ತಾಯಂದಿರಿಗೆ ನೆಮ್ಮದಿ ಎನ್ನುತ್ತಾರೆ. ಇವಳಿಗೆ ದಾರ ಪೋಣಿಸಲೂ ಆಗಲಿಲ್ಲ.

ಏಳು ಗಂಟೆಗೆ, ಊಟಕ್ಕೆ ಮೊದಲು ಪ್ರಾರ್ಥನೆ. ಮೂವರೂ ಚಾಪೆಯ ಮೇಲೆ ಶಿಲುಬೆಯ ಗುರುತು ಹಾಕಿ ಕುಳಿತರು. ಅಪ್ಪನ ತಾಯಿ ಕಲಿಸಿಹೋದ ಪದ್ಧತಿ ಇದು: ಒಬ್ಬೊಬ್ಬರೂ ಬೆಳಗಿನಿಂದ ಮಾಡಿದ ಅಂದಿನ ಕೆಲಸವನ್ನು ದೇವರಿಗೆ ಹೇಳಬೇಕು, ಒಂದಕ್ಕೆ ವಂದನೆ, ಒಂದಕ್ಕೆ ಕ್ಷಮೆ. ಇವತ್ತಿನದು ಮಾತ್ರ. ನಿನ್ನೆಯದನ್ನು ದೇವರು ಆಗಲೇ ಒರೆಸಿಟ್ಟಿರುತ್ತಾನೆ, ಮತ್ತೆ ಕೆದಕಿ ಅವನಿಗೆ ಕೆಲಸ ಕೊಡಬಾರದು ಎನ್ನುತ್ತಿದ್ದಳು ಅಜ್ಜಿ. ಗುರುವಾರ ಅಪ್ಪ ಮಗಳ ಹಾಡಿಗೆ ವಂದನೆ ಹೇಳಿದ್ದ. ಹೊತ್ತಾಯಿತು, ಹಸಿವು ಎಂದು ಅಷ್ಟಕ್ಕೇ ಆಮೆನ್ ಅಂದಿದ್ದ.

"ಪ್ರಭುವೇ," ಎಂದು ಅಪ್ಪ ಈಗ ಶುರು ಮಾಡಿದ. "ಬೆಳಿಗ್ಗೆ ಎರಡು ಕಟ್ಟಡ ಆಯ್ತು. ಮಧ್ಯಾಹ್ನ ಒಂದು. ಯಾರಿಗೂ ತೊಂದರೆ ಆಗಲಿಲ್ಲ, ವಂದನೆ. ಊಟದ ಹೊತ್ತಲ್ಲಿ ಒಬ್ಬನ ಮೇಲೆ ಸಿಡುಕಿದೆ, ಕ್ಷಮಿಸು. ನನ್ನ ಜೊತೆಗಾರನಿಗೆ ಕಷ್ಟ ಬಂದಿದೆ. ನಾಳೆ ವಿಚಾರಣೆಯಲ್ಲಿ ನೀನೇ ಅವನ ಪಕ್ಕ ನಿಲ್ಲಪ್ಪ."

ತಾಯಿಯ ಸರದಿ. ಪರದೆ ಅರ್ಧವಾದರೂ ಮುಗಿದದ್ದಕ್ಕೆ ವಂದನೆ ಹೇಳಿದಳು. ಕ್ಷಮೆಗೆ ಬಂದಾಗ ನಾಲಿಗೆ ತಡೆಯಿತು. "ಮಗಳ ಮೇಲೆ ರೇಗಿದೆ, ಕ್ಷಮಿಸು," ಎಂದಳು. ಅವಳು ರೇಗಿರಲಿಲ್ಲ. ಮಗಳು ಕಣ್ಣು ತೆರೆದು ಅಮ್ಮನನ್ನು ನೋಡಿದಳು.

"ನೀನು ಹೇಳು ಕಂದ," ಎಂದ ಅಪ್ಪ.

"ಪ್ರಭುವೇ, ಗುರುವಾರ..."

"ಇವತ್ತಿನದು ಮಾತ್ರ," ಅಪ್ಪನ ಕಣ್ಣು ಮುಚ್ಚಿಯೇ ಇತ್ತು.

"ಇವತ್ತಿನದೇ ಅಪ್ಪ. ಇವತ್ತು ಇಡೀ ದಿನ ಅದೇ ಯೋಚನೆ ಮಾಡಿದ್ದೀನಿ. ಲೆಕ್ಕದ ಪಿರಿಯಡ್‌ನಲ್ಲೂ." ಅವಳು ಮತ್ತೆ ಕೈ ಜೋಡಿಸಿದಳು. "ಗುರುವಾರ ಅಪ್ಪ ಹಾಡು ಕೇಳೋಕೆ ಬರಲೇಬೇಕು ಅಂತ ಹಠ ಮಾಡಿದೆ. ಕ್ಷಮಿಸು."

ಆಮೆನ್ ಎನ್ನಲಿಲ್ಲ. ಚಾಪೆಯ ಮೇಲೆಯೇ ಸರಿದು ಅಪ್ಪನ ಎದುರಿಗೆ ತಿರುಗಿ ಕುಳಿತಳು. ಮಗಳ ಮೊಣಕಾಲು ಮುಟ್ಟಿ ಸುಮ್ಮನಾಗಿಸಲು ತಾಯಿಯ ಕೈ ಮುಂದೆ ಹೋಯಿತು. ಅರ್ಧ ದಾರಿಯಲ್ಲಿ ನಿಂತು, ಹಿಂದಕ್ಕೆ ಬಂದು ಮಡಿಲಲ್ಲಿ ಕುಳಿತಿತು. ಅಪ್ಪ ಕಣ್ಣು ತೆರೆದಿದ್ದ.

"ಅಪ್ಪಾ, ನಾನು ವೇದಿಕೆ ಹತ್ತಿದಾಗ ಮೂರೂ ಕಾಲು. ನೀನು ಮುಂದಿನ ಸಾಲಲ್ಲೇ ಕೂತಿದ್ದೆ," ಎಂದಳು ಮಗಳು. "ಹಾಗಾದ್ರೆ ಬ್ರೇಕ್ ನೋಡಿದ್ದು ಯಾರು?"