ಸದ್ದಿನ ಚೀಟಿ

ನಾನು ಹುಟ್ಟಿದ್ದು ಯಾರದೋ ಮದುವೆಯ ಕರೆಯೋಲೆಯಿಂದ. ಮೈಸೂರಿನ ಆ ನಿಘಂಟು ಕಚೇರಿಯಲ್ಲಿ ಹಳೆಯ ಕರೆಯೋಲೆಗಳನ್ನು ಎಸೆಯುತ್ತಿರಲಿಲ್ಲ. ಕಾಗದ ದಪ್ಪ, ಹಿಂಬದಿ ಖಾಲಿ. ಕತ್ತರಿಸಿ ಚೀಟಿ ಮಾಡುತ್ತಿದ್ದರು, ಒಂದು ಚೀಟಿಗೆ ಒಂದೇ ಇಂಗ್ಲಿಷ್ ಪದ. ನನ್ನ ಬೆನ್ನ ಮೇಲೆ ಇಂದಿಗೂ ಅರ್ಧ ಮುಹೂರ್ತವಿದೆ. ಎದೆಯ ಮೇಲೆ ನನ್ನ ಪಾಲಿಗೆ ಬಂದ ಪದ: ರಸಲ್.

ಬರೆದವರು ಸಂಪಾದಕ ನಾಗಕುಮಾರಯ್ಯನವರು. ಒಣಗಿದ ಎಲೆ, ಕಾಗದ, ರೇಷ್ಮೆ ಅಲುಗಿದಾಗ ಬರುವ ಸದ್ದಿಗೆ ಇಂಗ್ಲಿಷಿನವರು ಇಟ್ಟ ಹೆಸರು ಅದು. ಆ ಸದ್ದನ್ನೇ ಅಣಕಿಸಿ ಹುಟ್ಟಿದ ಪದವಂತೆ, ಡಚ್ಚರ ಭಾಷೆಯಲ್ಲೂ ಇಂಥದೇ ಒಂದು ಇದೆಯಂತೆ. ಅಮೆರಿಕಕ್ಕೆ ಹೋದ ಮೇಲೆ ದನ ಕದಿಯುವುದು ಎಂಬ ಅರ್ಥವೂ ಅಂಟಿಕೊಂಡಿತು. ಅದನ್ನು ಬರೆಯುವಾಗ ಅಯ್ಯನವರು ನಕ್ಕರು.

"ನೋಡಮ್ಮ ಇಂದುಕಲಾ, ಎಲೆ ಜೊತೆ ಆಡ್ಕೊಂಡಿದ್ದ ಪದ, ದನ ಕದಿಯೋಕೆ ಹೋಯ್ತು."

ಇಂದುಕಲಾ ಅವರ ಸಹಾಯಕಿ. ಸದ್ದಿನ ಪದ ಬಂದರೆ ಆ ಸದ್ದನ್ನು ಕೇಳದೆ ಕನ್ನಡದ ಅರ್ಥ ಬರೆಯಬಾರದು ಎಂಬುದು ಕಚೇರಿಯ ಪದ್ಧತಿ. ಆದರೆ ಅಯ್ಯನವರಿಗೆ ಆಗಲೇ ಕಿವಿ ಹೋಗಿತ್ತು. ಹಾಗಾಗಿ ಅವರು ಒಣಗಿದ ಎಲೆಗಳನ್ನು ಮೇಜಿನ ಮೇಲೆ ಸುರಿದು ಕೈಯಾಡಿಸಿದರು, ಆಕೆ ಕೇಳಿ "ಸರಬರ" ಎಂದು ದೊಡ್ಡದಾಗಿ ಹೇಳಿದಳು. ರೇಷ್ಮೆಯ ಸರದಿ ಬಂತು.

"ಅದು ಬೇಡ, ಅದು ನನಗೆ ಗೊತ್ತು" ಎಂದು ಅವರು ಒಂದೇ ಉಸಿರಿನಲ್ಲಿ ಉದಾಹರಣೆಯ ವಾಕ್ಯ ಬರೆದರು: "ಮಾಲಿನಿ ಬಾಗಿಲಿಗೆ ಬರುವ ಮೊದಲೇ ಅವಳ ಸೀರೆಯ ಸರಬರ ಒಳಗೆ ಬಂದಿರುತ್ತಿತ್ತು."

ಮಾಲಿನಿ ಅವರ ಹೆಂಡತಿ, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಿಘಂಟಿನಲ್ಲಿ ಅವಳಿಗೊಂದು ಜಾಗ ಮಾಡಿಕೊಟ್ಟೆನೆಂದು ಅಯ್ಯನವರಿಗೆ ಎಷ್ಟು ಸಂತೋಷವಾಯಿತೋ, ನನಗಂತೂ ಅದಕ್ಕಿಂತ ಹೆಚ್ಚು ಜಂಬ ಬಂತು.

ಆ ಕಚೇರಿಯಲ್ಲಿ ಇನ್ನೊಂದು ನಿಯಮವಿತ್ತು. ಯಾರೇ ಚೀಟಿ ತೆಗೆದರೂ ಆ ಜಾಗದಲ್ಲಿ ತಮ್ಮ ಹೆಸರು ಬರೆದ ಕೆಂಪು ಚೀಟಿ ಇಡಬೇಕು. ಮಾಡಿದವರು ಅಯ್ಯನವರೇ, ಮುರಿದವರೂ ಅವರೇ. ಒಂದು ಮಧ್ಯಾಹ್ನ ದನದ ಅರ್ಥ ಮೊದಲೋ ಕೊನೆಗೋ ಎಂದು ನೋಡಲು ನನ್ನನ್ನು ದಪ್ಪ ಇಂಗ್ಲಿಷ್ ನಿಘಂಟಿನ ಹತ್ತಿರ ಒಯ್ದರು. ಅಷ್ಟರಲ್ಲಿ ಕಾಫಿ ಬಂತು. ಪುಟದ ಗುರುತಿಗೆ ನನ್ನನ್ನೇ ಒಳಗಿಟ್ಟು, ಪುಸ್ತಕ ಮುಚ್ಚಿ, ಮರೆತರು.

ಮೂರು ದಿನ ನನ್ನನ್ನು ಹುಡುಕಿದರು. "ಕೆಂಪು ಚೀಟಿ ಇಡದೆ ತೆಗೆದಿದ್ದೀಯಲ್ಲಮ್ಮ, ನಿನಗೆ ಎಷ್ಟು ಸಲ ಹೇಳಬೇಕು" ಎಂದು ಅವರು ಇಂದುಕಲಾಳನ್ನು ಬೈದರು. ಅವಳು ಅತ್ತಳು. ನಾನು ಒಂದು ಮೊಳ ದೂರದಲ್ಲಿದ್ದೆ. ಸದ್ದಿನ ವಂಶಾವಳಿಯನ್ನೇ ಮೈಮೇಲೆ ಹೊತ್ತವನು ಸದ್ದು ಮಾಡಲಾರದೆ ಬಿದ್ದಿದ್ದೆ. ಎಂಥ ಹಣೆಬರಹ ನೋಡಿ.

ಅಯ್ಯನವರು ಹೊಸ ಚೀಟಿ ಬರೆಯಲು ಕೂತರು. ಅರ್ಥಗಳು ಬಂದವು, ವಾಕ್ಯ ಬರಲಿಲ್ಲ. ಇಂದುಕಲಾ ಅದನ್ನು ಓದಿರಲೇ ಇಲ್ಲ. ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದರು. "ಅದೇ ಮಾತು ಬೇಕು, ಇವೆಲ್ಲ ಬೇರೆ ಯಾರೋ ಹೆಂಗಸಿನ ಹಾಗಿವೆ" ಎಂದರು. ಕೊನೆಗೆ ಬರಿಯ ಅರ್ಥವನ್ನೇ ಇಂದುಕಲಾ ಮುದ್ರಣಾಲಯಕ್ಕೆ ಒಯ್ದಳು.

ಅವಳು ಗೇಟು ದಾಟಿದ್ದಳೋ ಇಲ್ಲವೋ, ಅಯ್ಯನವರು ಬೇರೇನೋ ನೋಡಲು ಅದೇ ಪುಸ್ತಕ ತೆರೆದರು. ನಾನು ಜಾರಿದೆ. ಸರಬರ ಎಂದು ನೆಲಕ್ಕೆ ಬಿದ್ದೆ, ಅವರ ಚಪ್ಪಲಿಯ ಪಕ್ಕದಲ್ಲೇ. ನನ್ನ ಜೀವಮಾನದ ಮೊದಲ ಸದ್ದು. ಕರೆದಿದ್ದರೆ ಇಂದುಕಲಾ ಇನ್ನೂ ವಾಪಸು ಬರುತ್ತಿದ್ದಳು. ಅವರಿಗೆ ಕೇಳಿಸಲಿಲ್ಲ. ಪುಟ ತಿರುವಿದರು, ಆ ಗಾಳಿಗೆ ನಾನು ಅಲಮಾರಿನ ಕೆಳಗೆ ಹೋದೆ.

ಆರು ವರ್ಷದಿಂದ ಇಲ್ಲೇ ಇದ್ದೇನೆ, ದೂಳು ಕುಡಿಯುತ್ತ. ಈಗ ಇಂದುಕಲಾ ಸಂಪಾದಕಿ. ಪರಿಷ್ಕೃತ ಆವೃತ್ತಿ ಮಾಡುತ್ತಿದ್ದಾಳೆ. ನಿವೃತ್ತರಾಗಿದ್ದ ಅಯ್ಯನವರನ್ನು ಮೊನ್ನೆ ಕರೆಸಿ, ಪಕ್ಕದಲ್ಲಿ ಕೂರಿಸಿಕೊಂಡು, ಕಿವಿಯ ಹತ್ತಿರ ಬಾಗಿ ಕೇಳಿದಳು.

"ಸಾರ್, ಅಮ್ಮಾವ್ರ ವಾಕ್ಯಕ್ಕೆ ಜಾಗ ಬಿಟ್ಟಿದ್ದೀನಿ. ಈಗ್ಲಾದ್ರೂ ನೆನಪಿಗೆ ಬಂತಾ?"

ಅಯ್ಯನವರು ಖಾಲಿ ಬಿಟ್ಟ ಜಾಗದ ಮೇಲೆ ಬೆರಳಾಡಿಸಿದರು. "ಸೀರೆ ಇತ್ತಮ್ಮ ಅದರಲ್ಲಿ. ಬಾಗಿಲೂ ಇತ್ತು ಅನ್ಸುತ್ತೆ."

ಆಗ ಫ್ಯಾನಿನ ಗಾಳಿ ಅಲಮಾರಿನ ಕೆಳಗೆ ನುಗ್ಗಿತು. ನಾನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಅಲುಗಿದೆ. ಇಂದುಕಲಾ ತಲೆ ಎತ್ತಿದಳು. ಗುರುಗಳು ಕಲಿಸಿದಂತೆ ಕಿವಿಗೊಟ್ಟು ಕೇಳಿದಳು.

"ಸಾರ್, ಅಲಮಾರಿನ ಕೆಳಗೆ ಏನೋ ಸರಬರ ಅಂತಿದೆ. ಇಲಿ ಇರ್ಬೇಕು."

ಅಯ್ಯನವರ ಮುಖ ಅರಳಿತು. "ಕಿವಿಯಾರೆ ಕೇಳಿದ್ದೀಯಲ್ಲ, ಅದನ್ನೇ ಬರ್ಕೋಮ್ಮ. ಹೋದ ವಾಕ್ಯಕ್ಕೆ ಎಷ್ಟು ದಿನ ಅಂತ ಕಾಯೋದು."

ಅವಳು ಬಿಟ್ಟ ಜಾಗದಲ್ಲಿ ಬರೆದಳು: "ಅಲಮಾರಿನ ಕೆಳಗೆ ಇಲಿ ಸರಬರ ಎಂದಿತು."

ಮಾಲಿನಿಯ ಸೀರೆ ನನ್ನೊಬ್ಬನ ಮೈಮೇಲೆ ಉಳಿದಿದೆ. ನಿನ್ನೆ ಜವಾನ ಬಂದು, ನನಗೆ ಒತ್ತಿಕೊಂಡಂತೆ ಒಂದು ಇಲಿಬೋನು ಇಟ್ಟು ಹೋದ. ಒಳಗೆ ಒಂದು ಚೂರು ಕೊಬ್ಬರಿ ಇದೆ.