ನಲವತ್ತೊಂದನೆಯವಳು

ಗಣಿತದ ಪಾಠದಲ್ಲಿ ಯಾವ ಮಕ್ಕಳಿಗೆ ಪ್ರಶ್ನೆ ಕೇಳುತ್ತಾರೆ, ಯಾರನ್ನು ಬಿಡುತ್ತಾರೆ ಎಂಬುದೇ ಸಮತಾಳ ಸಂಶೋಧನೆ. ಇದಕ್ಕೂ ಪಿಎಚ್‌ಡಿ ಬೇಕೇ ಎಂದು ನಗುವವರು ನಗಲಿ. ಅವಳು ಮಾತ್ರ ಶಂಕರಘಟ್ಟದ ವಿಶ್ವವಿದ್ಯಾಲಯದಿಂದ ಬಸ್ಸು ಹಿಡಿದು ಭದ್ರಾವತಿಯ ಒಂದು ಶಾಲೆಗೆ ಹೋಗಿ, ಏಳನೇ ಕ್ಲಾಸಿನ ಮೂಲೆಯಲ್ಲಿ ವಿಡಿಯೊ ಕ್ಯಾಮೆರಾ ನಿಲ್ಲಿಸಿ, ಮಕ್ಕಳ ಹೆಸರಿನ ಮುಂದೆ ಗೀಟು ಎಳೆಯುತ್ತಾ ಕೂರುತ್ತಿದ್ದಳು. ಒಂದು ಪ್ರಶ್ನೆಗೆ ಒಂದು ಗೀಟು.

ತೊಂಬತ್ತೆಂಟರ ಜನವರಿಯಲ್ಲಿ, ವಿಭಾಗದ ಟೀವಿಗೆ ಕ್ಯಾಸೆಟ್ ಹಾಕಿ ನೋಡುವಾಗ ಅವಳು ತಲೆ ಎಣಿಸಿದಳು, ಮತ್ತೆ ಎಣಿಸಿದಳು. ಮೂರನೇ ಬೆಂಚಿನಲ್ಲಿ, ನವ್ಯಾ ಎಂಬ ಹುಡುಗಿಯ ಪಕ್ಕ, ಇನ್ನೊಬ್ಬಳು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ನಲವತ್ತು ನಿಮಿಷವೂ ಕೈ ಎತ್ತಿಯೇ ಕೂತಿದ್ದಾಳೆ. ಬಲಗೈ ಸೋತಾಗ ಎಡಗೈ. ಹಾಳೆಯಲ್ಲಿ ನಲವತ್ತು ಹೆಸರು, ಟೀವಿಯಲ್ಲಿ ನಲವತ್ತೊಂದು ತಲೆ. ಹಳೆಯ ಕ್ಯಾಸೆಟ್‌ಗಳನ್ನೂ ಹಾಕಿದಳು. ಜೂನ್‌ನಿಂದ ಒಂದು ದಿನ ತಪ್ಪಿಸಿಲ್ಲ, ಪುಣ್ಯಾತ್ಗಿತ್ತಿ! ಅದೇ ಕೋಣೆಯಲ್ಲಿ ಏಳು ತಿಂಗಳು ಕೂತ ಸಮತಾ ಮಾತ್ರ ಅವಳನ್ನು ಕಂಡೇ ಇರಲಿಲ್ಲ.

ಮರುದಿನ ಎದ್ದೆನೋ ಬಿದ್ದೆನೋ ಎಂದು ಶಾಲೆಗೆ ಓಡಿದಳು. ನವ್ಯಾಳ ಪಕ್ಕ ಒಂದು ಮಗು ಕೂರುವಷ್ಟು ಜಾಗ ಖಾಲಿಯಿತ್ತು.

"ಮೇಡಂ, ಅಲ್ಲಿ ಯಾರು ಕೂರ್ತಾರೆ?"

ಗಣಿತದ ಟೀಚರ್ ಸತ್ಯಭಾಮಾ ತಲೆ ಎತ್ತಲಿಲ್ಲ. "ಯಾರೂ ಇಲ್ಲ. ನನ್ನ ತಲೆ ತಿನ್ಬೇಡ ಮಾರಾಯ್ತಿ. ಪಬ್ಲಿಕ್ ಪರೀಕ್ಷೆ ಲಿಸ್ಟು ನಾಲ್ಕು ಗಂಟೆಗೆ ಆಫೀಸಿಗೆ ಹೋಗ್ಬೇಕು. ಅದ್ರಲ್ಲಿ ಹೆಸರಿಲ್ಲ ಅಂದ್ರೆ ಪರೀಕ್ಷೆನೂ ಇಲ್ಲ, ಎಂಟನೇ ಕ್ಲಾಸೂ ಇಲ್ಲ."

"ಒಂದು ಹೆಸರು ಬಿಟ್ಟುಹೋಗಿದೆ ಮೇಡಂ."

"ಹೌದಾ? ಯಾವುದು ಹೇಳು, ಬರೀತೀನಿ."

ಹೇಳುವುದೇನು, ಮಣ್ಣು! ಕ್ಯಾಸೆಟ್ ತೋರಿಸೋಣವೆಂದರೆ ಶಾಲೆಯಲ್ಲಿ ಟೀವಿಯಿಲ್ಲ. ಸಮತಾ ನವ್ಯಾಳನ್ನು ಕೇಳಿದಳು.

"ಅವಳಾ ಮಿಸ್? ದಿನಾ ನಂಗೆ ಲೆಕ್ಕ ಹೇಳ್ಕೊಡ್ತಾಳೆ," ಎಂದ ನವ್ಯಾ ಪಕ್ಕಕ್ಕೆ ತಿರುಗಿದಳು. ಹುಬ್ಬು ಗಂಟಿಕ್ಕಿದಳು. "ಯಾರು ಮಿಸ್?"

ಸಮತಾಳಿಗೆ ಭಯವೆಂದರೆ ಭಯ. ಆದರೂ ಬಿಡುವ ಪೈಕಿಯಲ್ಲ ಅವಳು. ಕರೆದರೆ ಆ ಹುಡುಗಿ ಎದ್ದಾಳು, ಎದ್ದರೆ ಹೆಸರು ಕೇಳಬಹುದು. ಕ್ಯಾಮೆರಾ ಚಾಲೂ ಮಾಡಿ, ಬೋರ್ಡಿನ ಮುಂದೆ ನಿಂತು, ಖಾಲಿ ಜಾಗವನ್ನೇ ದಿಟ್ಟಿಸಿದಳು.

"ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿದ್ರೆ ಎಷ್ಟು? ನೀನು ಹೇಳಮ್ಮ."

ಕೂಗಿದ್ದು ನವ್ಯಾ: "ಆರನೇ ಐದು, ಮಿಸ್!"

"ಶಭಾಷ್ ನವ್ಯಾ," ಎಂದು ಬಾಯಿಂದ ಬಂದೇ ಬಿಟ್ಟಿತು. ಸಮತಾ ನಾಲಿಗೆ ಕಚ್ಚಿಕೊಂಡಳು. ಮತ್ತೆ ಕರೆದಳು, ಗೋಗರೆದಳು, ಯಾರೂ ಏಳಲಿಲ್ಲ. ನಾಲ್ಕು ಗಂಟೆಗೆ ಲಿಸ್ಟು ನಲವತ್ತು ಹೆಸರು ಹೊತ್ತು ಹೋಯಿತು.

ಸಂಜೆ ವಿಭಾಗದಲ್ಲಿ ಕ್ಯಾಸೆಟ್ ಹಾಕಿದಳು. "ನೀನು ಹೇಳಮ್ಮ" ಎಂದ ಕೂಡಲೇ ಆ ಹುಡುಗಿ ಎದ್ದು ನಿಂತಿದ್ದಳು. ಮುಖವೆಲ್ಲ ಅರಳಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ನವ್ಯಾ ಕೂಗಿದಳು, ಸಮತಾಳ ಕಣ್ಣು ಅತ್ತ ಹೊರಳಿತು. ಹುಡುಗಿ ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಬಾಗಿಲ ಕಡೆ ನಡೆದಳು. ದಾರಿಗೆ ಅಡ್ಡ ನಿಂತಿದ್ದವಳು ಸಮತಾ. ಟೀವಿಯೊಳಗಿನ ಸಮತಾ ಖಾಲಿ ಬೆಂಚನ್ನು ಕರೆಯುತ್ತಲೇ, ಬೋರ್ಡಿಗೆ ಒತ್ತಿಕೊಂಡು, ಅವಳಿಗೆ ದಾರಿ ಬಿಟ್ಟಳು.